ಚುನಾವಣೆಯ ವೆಚ್ಚಕ್ಕೊಂದು ಮಿತಿ

ಕಳೆದ ವರುಷ ನಮ್ಮ ಶಾಲೆಯ ವಿದ್ಯಾರ್ಥಿ ಮಂತ್ರಿಮಂಡಲದ ಚುನಾವಣೆಯ ಕಾಲದಲ್ಲಿ ಒಂದು ಪ್ರಸಂಗ ಒದಗಿತು. ಉಮೇದುವಾರರಾಗಿ ನಿಂತವರು ಯಾರೇ ಆಗಲಿ, ಇಪ್ಪತ್ತು ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಕೂಡದೆಂದು ನಾವು ನಿಯಮ ಹಾಕಿದ್ದೆವು. ಅದರ ಹಿಂದಿನ ವರುಷ ಮಿಠಾಯಿ ಹಂಚಿದವನೇ ಗೆದ್ದನೆಂಬ ದೂರು ನಮ್ಮ ಕಿವಿಗೆ ಬಿದ್ದಿದ್ದುದೇ ಇದಕ್ಕೆ ಕಾರಣ. ಮತದಾನಕ್ಕೆ ಎರಡು ದಿನಗಳಿರುವಾಗ ಒಬ್ಬ ಉಮೇದುವಾರನ ಪರವಾಗಿ ಎಂಟನೆಯ ತರಗತಿಯವರಿಗೆಲ್ಲ ಒಂದೊಂದು ಪೆನ್ನು ಸಿಕ್ಕಿತು. ಹುಡುಗನನ್ನು ಕರೆಸಿ ಕೇಳಿದೆವು. ಅವನು ತನ್ನ ಲೆಕ್ಕದ ಹಾಳೆಯನ್ನು ಧೈರ್ಯವಾಗಿ ಮುಂದಿಟ್ಟನು. ಅದರಲ್ಲಿದ್ದುದು ಹದಿನಾರು ರೂಪಾಯಿ ಮಾತ್ರ. "ಪೆನ್ನು ನಾನು ಕೊಟ್ಟದ್ದಲ್ಲ ಸಾರ್, ನನ್ನ ಸೋದರಮಾವ ಕೊಟ್ಟದ್ದು" ಎಂದನು. ನಮ್ಮ ನಿಯಮದಲ್ಲಿ ಸೋದರಮಾವನ ಪ್ರಸ್ತಾಪವೇ ಇರಲಿಲ್ಲ.

ನಮಗೆ ನಗುವೂ ಬಂದಿತು, ನಾಚಿಕೆಯೂ ಆಯಿತು. ಪೆನ್ನುಗಳನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ; ಮಕ್ಕಳು ಆಗಲೇ ಅವುಗಳಲ್ಲಿ ಬರೆಯತೊಡಗಿದ್ದರು. ನಾವು ಮಾಡಿದ ತಪ್ಪು ಹೊಸತಲ್ಲವೆಂಬುದು ಮಾತ್ರ ಒಂದು ಸಮಾಧಾನ. ನಮ್ಮ ದೇಶದ ಕಾನೂನೂ ಇದೇ ಸೋದರಮಾವನ ಎದುರಿನಲ್ಲಿ ಅನೇಕ ದಶಕಗಳಿಂದ ತಡವರಿಸುತ್ತ ನಿಂತಿದೆ. ಆ ಸಂಗತಿಯನ್ನು ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಯರಿಗೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 77ನೆಯ ಕಲಮಿನ ಪ್ರಕಾರ ಪ್ರತಿಯೊಬ್ಬ ಉಮೇದುವಾರನೂ ತನ್ನ ನಾಮಕರಣದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗೆ ಚುನಾವಣೆಗಾಗಿ ಮಾಡಿದ ವೆಚ್ಚದ ಲೆಕ್ಕವನ್ನು ಪ್ರತ್ಯೇಕವಾಗಿಯೂ ಸರಿಯಾಗಿಯೂ ಇಡತಕ್ಕದ್ದು. ತಾನು ಮಾಡಿದ ವೆಚ್ಚ ಮಾತ್ರವಲ್ಲ, ತನ್ನ ಚುನಾವಣಾ ಏಜೆಂಟನು ಮಾಡಿದುದೂ, ತನ್ನ ಅನುಮತಿಯಿಂದ ಮತ್ತೊಬ್ಬರು ಮಾಡಿದುದೂ ಅದರಲ್ಲಿ ಸೇರಬೇಕು. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ವೆಚ್ಚದ ಮೊತ್ತಕ್ಕೆ ಒಂದು ಮೇರೆಯುಂಟು. ಕೇರಳ, ಕರ್ನಾಟಕಗಳಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಉಮೇದುವಾರನಿಗೆ 2011ರಲ್ಲಿ 16 ಲಕ್ಷ ರೂಪಾಯಿಯ ಮಿತಿಯಿತ್ತು. 2014ರಲ್ಲಿ ಅದು 28 ಲಕ್ಷವಾಯಿತು. 2020ರಲ್ಲಿ 30 ಲಕ್ಷ 80 ಸಾವಿರವಾಯಿತು. 2022ರ ಜನವರಿಯಲ್ಲಿ 40 ಲಕ್ಷಕ್ಕೆ ಏರಿತು. ಗ್ರಾಮ ಪಂಚಾಯತಿನ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಅಧೀನದ್ದು. 2020ರಲ್ಲಿ ನಮ್ಮ ಎಣ್ಮಕಜೆಯಂತಹ ಗ್ರಾಮ ಪಂಚಾಯತಿಗೆ ನಿಂತವರಿಗೆ 25 ಸಾವಿರ, ಬ್ಲಾಕ್ ಪಂಚಾಯತಿಗೆ 75 ಸಾವಿರ, ಜಿಲ್ಲಾ ಪಂಚಾಯತಿಗೆ ಒಂದೂವರೆ ಲಕ್ಷ ರೂಪಾಯಿ ಎಂದು ನಿಗದಿಯಾಗಿತ್ತು.

ವಿದ್ಯಾರ್ಥಿಗಳು ಇಲ್ಲೊಂದು ಭಾಗಾಕಾರವನ್ನು ಮಾಡಿ ನೋಡಬಹುದು. ನಮ್ಮ ಪಂಚಾಯತು ಸೇರಿರುವ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರ ಸಂಖ್ಯೆ ಎರಡು ಲಕ್ಷಕ್ಕೂ ಮಿಕ್ಕಿದೆ. 40 ಲಕ್ಷವನ್ನು ಅದರಿಂದ ಭಾಗಿಸಿದರೆ ತಲೆಗೆ ಇಪ್ಪತ್ತು ರೂಪಾಯಿಗೂ ಕಡಮೆ ಬೀಳುತ್ತದೆ. ಪೆರ್ಲದ ಪೇಟೆಯಲ್ಲಿ ಅಷ್ಟಕ್ಕೆ ಒಂದು ಚಹಾ ಸಿಕ್ಕೀತು, ಅದರೊಂದಿಗೆ ಬನ್ಸು ಸಿಗಲಾರದು. ಕಾನೂನಿನ ಮಿತಿ ತೀರ ಸಡಿಲವಾದುದೆಂದು ಹೇಳುವಂತಿಲ್ಲ.

ಇಂತಹ ಮಿತಿ ಏಕೆ ಬೇಕು? 2016ರ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ಮತಗಳು. 2021ರಲ್ಲಿ ಅದು 745. ಪಕ್ಷಗಳ ಹೆಸರು ಇಲ್ಲಿ ಅನಾವಶ್ಯಕ. 89 ಜನರೆಂದರೆ ಒಂದು ಶಾಲೆಯ ಎರಡು ಮೂರು ತರಗತಿಗಳ ಮಕ್ಕಳಷ್ಟೇ. ಇಷ್ಟು ಸಣ್ಣ ಅಂತರದಲ್ಲಿ ಐದು ವರುಷಗಳ ಪ್ರಾತಿನಿಧ್ಯವು ನಿರ್ಣಯವಾಗುವಾಗ, ಒಬ್ಬನ ಕೈಯಲ್ಲಿ ಹಣದ ಥೈಲಿಯೂ ಮತ್ತೊಬ್ಬನ ಕೈಯಲ್ಲಿ ಬರಿಯ ಕರಪತ್ರವೂ ಇದ್ದರೆ ಸ್ಪರ್ಧೆ ಸಮವಾಗದು. ಈ ಸತ್ಯವನ್ನು ಇಂಗ್ಲೆಂಡಿನವರು 1883ರಷ್ಟು ಹಿಂದೆಯೇ ಕಂಡುಕೊಂಡು, ಪಾರ್ಲಿಮೆಂಟಿನ ಉಮೇದುವಾರರ ವೆಚ್ಚಕ್ಕೆ ಶಾಸನದ ಮೂಲಕ ಮಿತಿಯನ್ನು ಹಾಕಿದರು. ನಮ್ಮ ನಿಯಮಗಳು ಆ ಬೇರಿನ ಚಿಗುರುಗಳೇ.

ಹಣವಿಲ್ಲದೆ ಚುನಾವಣೆ ಗೆಲ್ಲುವುದೇ ಅಸಾಧ್ಯವೆಂದು ಹೇಳುವವರು ನಮ್ಮ ನಾಡಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮರುವರುಷವೇ ಆ ರಾಜ್ಯದ ಪ್ರಥಮ ವಿಧಾನಸಭೆಗೆ ಚುನಾವಣೆ ನಡೆಯಿತು. ಮಂಜೇಶ್ವರದಿಂದ ಎಂ. ಉಮೇಶ ರಾಯರು ಸ್ವತಂತ್ರರಾಗಿ ನಿಂತು ಅವಿರೋಧವಾಗಿ ಆಯ್ಕೆಗೊಂಡರು. ಎದುರಾಳಿಯೇ ಇಲ್ಲದ್ದರಿಂದ ಮತದ ಪೆಟ್ಟಿಗೆಯನ್ನು ತೆರೆಯುವ ಪ್ರಮೇಯವೂ ಬರಲಿಲ್ಲ. ಮುಂದೆ 1960ರಲ್ಲಿಯೂ 1967ರಲ್ಲಿಯೂ ಕೆ. ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದಿಂದ ಸ್ವತಂತ್ರರಾಗಿ ಗೆದ್ದರು. ಆ ಕಾಲದ ಜನರ ಮನಸ್ಸಿನಲ್ಲಿದ್ದುದು ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂಬ ಒಂದೇ ಹಂಬಲ. ಅಂತಹ ಹಂಬಲವಿರುವಲ್ಲಿ ಹಣಕ್ಕೆ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಘಟ್ಟದ ಮೇಲೆ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಅವರು ಜನರಲ್ಲಿ ಓಟನ್ನು ಕೇಳಿದಂತೆಯೇ ಚುನಾವಣೆಯ ವೆಚ್ಚಕ್ಕೆ ನೋಟನ್ನೂ ಕೇಳುತ್ತಿದ್ದರೆಂದು ಮಲೆನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಒಂದು ರೂಪಾಯಿ ಕೊಟ್ಟ ರೈತನು ಅವರ ಮೇಲೆ ಹಕ್ಕುಳ್ಳವನಾಗುತ್ತಿದ್ದನು. ಈಗ ಹಣವು ಹರಿಯುವ ದಿಕ್ಕು ತಿರುಗಿದೆ. ಹಕ್ಕೂ ಅದರೊಂದಿಗೆ ತಿರುಗಿದೆಯೇ ಎಂಬುದನ್ನು ಹಿರಿಯರು ಯೋಚಿಸಬೇಕು.

ಇನ್ನು ಸೋದರಮಾವನ ಕಥೆಗೆ ಬರೋಣ. 1971ರಲ್ಲಿ ದೆಹಲಿಯ ಒಂದು ಲೋಕಸಭಾ ಕ್ಷೇತ್ರದಲ್ಲಿ ಅಮರನಾಥ ಚಾವ್ಲಾ ಎಂಬವರು ಗೆದ್ದರು. ಸೋತ ಕಂವರ್‌ಲಾಲ್ ಗುಪ್ತರು, ವೆಚ್ಚದ ಮಿತಿ ಮೀರಿದೆಯೆಂದು ನ್ಯಾಯಾಲಯಕ್ಕೆ ಹೋದರು. ಪಕ್ಷವು ಮಾಡಿದ ವೆಚ್ಚವನ್ನು ಉಮೇದುವಾರನ ಲೆಕ್ಕಕ್ಕೆ ಸೇರಿಸಬೇಕೇ ಎಂಬುದು ಮುಖ್ಯ ಪ್ರಶ್ನೆ. 1974ರ ಅಕ್ಟೋಬರ 3ರಂದು ಸರ್ವೋಚ್ಚ ನ್ಯಾಯಾಲಯವು, ಪಕ್ಷವು ಆ ಉಮೇದುವಾರನಿಗಾಗಿಯೇ ವೆಚ್ಚ ಮಾಡಿ, ಅವನು ಅದನ್ನು ತಿಳಿದೂ ಅದರ ಪ್ರಯೋಜನವನ್ನು ಪಡೆದಿದ್ದರೆ, ಅದು ಅವನ ವೆಚ್ಚವೇ ಎಂದು ತೀರ್ಪಿತ್ತಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು. ಚಾವ್ಲಾರ ಆಯ್ಕೆ ರದ್ದಾಯಿತು. ಆದರೆ ಅದೇ ತಿಂಗಳಲ್ಲಿ ಸರಕಾರವು ಅಧ್ಯಾದೇಶವನ್ನು ಹೊರಡಿಸಿ, ಬಳಿಕ ಅದನ್ನು ಕಾಯಿದೆಯನ್ನಾಗಿ ಮಾಡಿ, ಪಕ್ಷವಾಗಲಿ ಮಿತ್ರರಾಗಲಿ ಮಾಡಿದ ವೆಚ್ಚವು ಉಮೇದುವಾರನ ಲೆಕ್ಕಕ್ಕೆ ಬಾರದೆಂದು ಸಾರಿತು. ನಮ್ಮ ಎಂಟನೆಯ ತರಗತಿಯ ಪೆನ್ನುಗಳಿಗೆ ಆ ಕಾಯಿದೆಯಲ್ಲಿ ಒಳ್ಳೆಯ ರಕ್ಷಣೆ ದೊರಕುತ್ತಿತ್ತು!

ಆ ರಕ್ಷಣೆ ಸುಮಾರು ಮೂವತ್ತು ವರುಷ ಬಾಳಿತು. 2003ರ ತಿದ್ದುಪಡಿಯಿಂದ ಮಿತ್ರರ ವಿನಾಯಿತಿ ತೆಗೆದುಹಾಕಲ್ಪಟ್ಟಿತು. ಪಕ್ಷದ ಪ್ರಮುಖ ನಾಯಕರು ಪ್ರಚಾರಕ್ಕಾಗಿ ಮಾಡುವ ಪ್ರಯಾಣದ ವೆಚ್ಚ ಮಾತ್ರ ಹೊರಗುಳಿಯಿತು. 'ತಾರಾ ಪ್ರಚಾರಕರು' ಎಂದು ಪತ್ರಿಕೆಗಳು ಕರೆಯುವುದು ಇವರನ್ನೇ. ನಾಯಕನೊಬ್ಬನು ಹೆಲಿಕಾಪ್ಟರಿನಲ್ಲಿ ಬಂದಿಳಿದರೆ ಆ ವೆಚ್ಚ ಉಮೇದುವಾರನದಲ್ಲ. ನಾಯಕನೊಂದಿಗೆ ಉಮೇದುವಾರನೂ ವೇದಿಕೆಯನ್ನೇರಿದರೆ ಸಭೆಯ ವೆಚ್ಚದಲ್ಲಿ ಒಂದು ಪಾಲು ಅವನ ಲೆಕ್ಕಕ್ಕೆ ಬೀಳುತ್ತದೆ. ಇಷ್ಟಾದರೂ ಮುಖ್ಯವಾದ ಒಂದು ಬಾಗಿಲು ತೆರೆದೇ ಇದೆ. ಯಾವ ಉಮೇದುವಾರನ ಹೆಸರನ್ನೂ ಹೇಳದೆ ಪಕ್ಷವು ತನ್ನ ಪರವಾಗಿ ಮಾಡುವ ಪ್ರಚಾರಕ್ಕೆ ಮೇರೆಯೆಂಬುದಿಲ್ಲ. ವಿಧಾನಸಭಾ ಚುನಾವಣೆ ಮುಗಿದ 75 ದಿನಗಳೊಳಗೆ ಪಕ್ಷವು ಆಯೋಗಕ್ಕೆ ಲೆಕ್ಕ ಕೊಡಬೇಕು. ಇಷ್ಟಕ್ಕಿಂತ ಹೆಚ್ಚು ವೆಚ್ಚ ಮಾಡಬೇಡವೆಂದು ಅದಕ್ಕೆ ಹೇಳುವವರಿಲ್ಲ.

ನಮ್ಮೂರ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಮಳೆಗಾಲ ಕಳೆದ ಮೇಲೆ ತೋಟದ ನೀರಿಗಾಗಿ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುವುದನ್ನು ಅವರು ಕಂಡಿದ್ದಾರೆ. ಈ ದಡದಿಂದ ತೋಡಿನ ನಡುವಿನವರೆಗೆ ಕಲ್ಲು ಮಣ್ಣುಗಳನ್ನು ಭದ್ರವಾಗಿ ಹಾಕಿ, ಆಚೆಯ ಅರ್ಧವನ್ನು ಹಾಗೆಯೇ ಬಿಟ್ಟರೆ ನೀರು ನಿಲ್ಲುವುದೇ? ಉಮೇದುವಾರನ ಮಿತಿಯು ಈಚೆಯ ಅರ್ಧ. ಪಕ್ಷದ ವೆಚ್ಚವು ಆಚೆಯದು. ಕಟ್ಟ ಕಟ್ಟಿದ್ದು ಸುಳ್ಳಲ್ಲ; ನೀರು ಹರಿದು ಹೋಗುತ್ತಿರುವುದೂ ಸುಳ್ಳಲ್ಲ.

ವೆಚ್ಚದ ಮಾತಾಯಿತು, ದೇಣಿಗೆಯದೂ ಹೀಗೆಯೇ ವಕ್ರವಾದ ಚರಿತ್ರೆ. ಕಂಪೆನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಯಿತು. 1985ರಲ್ಲಿ ಮತ್ತೆ ಅನುಮತಿಸಲಾಯಿತು. 2013ರ ಕಂಪೆನಿ ಕಾಯಿದೆಯಲ್ಲಿ ಹಿಂದಿನ ಮೂರು ವರುಷಗಳ ಸರಾಸರಿ ಲಾಭದ ನೂರಕ್ಕೆ ಏಳೂವರೆಯಷ್ಟೆಂಬ ಮಿತಿಯಿತ್ತು. 2017ರಲ್ಲಿ ಆ ಮಿತಿಯನ್ನು ತೆಗೆದುಹಾಕಿದರು. 2018ರಲ್ಲಿ ದಾನಿಯ ಹೆಸರು ಹೊರಬೀಳದಂತೆ ಹಣ ಕೊಡುವ ಚುನಾವಣಾ ಬಾಂಡುಗಳು ಬಂದವು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಈ ಯೋಜನೆಯನ್ನೂ, ಕಂಪೆನಿಗಳ ಮಿತಿಯನ್ನು ತೆಗೆದ ತಿದ್ದುಪಡಿಯನ್ನೂ ಅಸಿಂಧುವೆಂದು ಘೋಷಿಸಿತು. ಪಕ್ಷಕ್ಕೆ ಹಣ ಕೊಡುವವರು ಯಾರೆಂಬುದನ್ನು ತಿಳಿಯುವುದು ಮತದಾರನ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಅಷ್ಟರಲ್ಲಿ ಸುಮಾರು 16,500 ಕೋಟಿ ರೂಪಾಯಿಯ ಬಾಂಡುಗಳು ಮಾರಾಟವಾಗಿ ಹೋಗಿದ್ದವು. 20 ಸಾವಿರ ರೂಪಾಯಿಗೆ ಮೀರಿದ ದೇಣಿಗೆಯ ವಿವರವನ್ನು ಪಕ್ಷವು ಆಯೋಗಕ್ಕೆ ಕೊಡಬೇಕೆಂಬ ನಿಯಮವುಂಟು. ಆದರೆ ಒಬ್ಬ ವ್ಯಕ್ತಿ ಎಷ್ಟು ಕೊಡಬಹುದೆಂಬುದಕ್ಕೆ ನಮ್ಮಲ್ಲಿ ಮಿತಿಯೇ ಇಲ್ಲ. ಅಮೆರಿಕದ ರೀತಿ ಇದಕ್ಕೆ ತದ್ವಿರುದ್ಧ. ದೇಣಿಗೆಗೆ ಮಿತಿ ಹಾಕಬಹುದು, ವೆಚ್ಚಕ್ಕೆ ಹಾಕಿದರೆ ವಾಕ್‌ಸ್ವಾತಂತ್ರ್ಯಕ್ಕೆ ಭಂಗವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ತೀರ್ಮಾನಿಸಿತು. ಅವರು ಆಚೆಯ ದಡದಿಂದ ಕಟ್ಟ ಕಟ್ಟಿದರು, ನಾವು ಈಚೆಯಿಂದ. ಎರಡೂ ಅರ್ಧವೇ.

ಗಡಿಯಲ್ಲಿರುವ ನಮಗೆ ಚುನಾವಣೆಯ ಹಣದ ಓಟವು ಕಣ್ಣಿಗೆ ಕಾಣುವಂತಹದು. ಚುನಾವಣೆ ಬಂದೊಡನೆ ಪೆರ್ಲದಿಂದ ಸಾರಡ್ಕದ ಕಡೆಗೆ ಹೋಗುವ ವಾಹನಗಳ ತಪಾಸಣೆ ಬಿಗಿಯಾಗುತ್ತದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಕಾಲದಲ್ಲಿ ಆ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಡುಗೊರೆ ಮೊದಲಾದವುಗಳ ಬೆಲೆ ಸುಮಾರು 375 ಕೋಟಿ ರೂಪಾಯಿ. 2018ರಲ್ಲಿ ಅದು 84 ಕೋಟಿಯಷ್ಟಿತ್ತು. ಅಡಿಕೆ ಮಾರಿ ಹಣ ತರುವ ನಮ್ಮ ಕೃಷಿಕರಿಗೆ ಇದರಿಂದ ತೊಂದರೆಯಾಗುವುದುಂಟು. 50 ಸಾವಿರ ರೂಪಾಯಿಗೆ ಮೀರಿದ ನಗದು ಕೈಯಲ್ಲಿದ್ದರೆ ಮಾರಾಟದ ಚೀಟಿಯನ್ನೋ ಬೇಂಕಿನ ಪುಸ್ತಕವನ್ನೋ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

"ಕೊಟ್ಟರೆ ತೆಗೆದುಕೊಳ್ಳೋಣ, ಓಟು ಮನಸ್ಸಿಗೆ ಬಂದವರಿಗೆ ಹಾಕೋಣ" ಎಂದು ಹೇಳುವ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ಮಕ್ಕಳ ಎದುರಿನಲ್ಲಿಯೇ ಹೀಗೆ ಹೇಳುವುದನ್ನು ನಾವು ಕೇಳಿದ್ದೇವೆ. ಓಟಿಗಾಗಿ ಕೊಡುವವನಂತೆಯೇ ತೆಗೆದುಕೊಳ್ಳುವವನೂ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯೇ. ಒಂದು ವರುಷದವರೆಗೆ ಸೆರೆಮನೆ ವಾಸವೋ ದಂಡವೋ ಎರಡೂ ಕೂಡಿಯೋ ಆಗಬಹುದು. ಅದಕ್ಕಿಂತಲೂ ಮಿಗಿಲಾದ ಒಂದು ಮಾತಿದೆ. ಲೆಕ್ಕದಲ್ಲಿ ಬರೆಯಲಾಗದ ಹಣವನ್ನು ಸುರಿದವನು ಅದನ್ನು ಮರಳಿ ಸಂಪಾದಿಸುವುದೂ ಲೆಕ್ಕದಲ್ಲಿ ಬರೆಯಲಾಗದ ದಾರಿಯಿಂದಲೇ. ಆ ದಾರಿಯು ನಮ್ಮೂರ ರಸ್ತೆಯ ಮೇಲೆಯೇ, ಅಂದರೆ ರಸ್ತೆಗೆ ಬರಬೇಕಾದ ಜಲ್ಲಿಯ ಮೇಲೆಯೇ, ಹಾದು ಹೋಗುತ್ತದೆ.

ಲೆಕ್ಕವನ್ನು ನೋಡುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. ವಿಧಾನಸಭೆಯ ಉಮೇದುವಾರನು ನಾಮಪತ್ರ ಸಲ್ಲಿಸುವ ಮೊದಲೇ ಚುನಾವಣೆಗಾಗಿ ಬೇರೆ ಬೇಂಕು ಖಾತೆಯನ್ನು ತೆರೆಯಬೇಕು. ಅವನಿಗೆ ಕೊಡುವ ಲೆಕ್ಕದ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆಗಳಿರುತ್ತವೆ: ದಿನವಹಿ ವೆಚ್ಚಕ್ಕೆ ಬಿಳಿ, ನಗದಿಗೆ ಗುಲಾಬಿ, ಬೇಂಕಿನ ವ್ಯವಹಾರಕ್ಕೆ ಹಳದಿ. ಪ್ರಚಾರದ ಕಾಲದಲ್ಲಿಯೇ ಅದನ್ನು ಮೂರು ಬಾರಿಯಾದರೂ ತಪಾಸಣೆಗೆ ಒಪ್ಪಿಸಬೇಕು. ಚಹಾ, ಊಟ, ಕುರ್ಚಿ, ಧ್ವನಿವರ್ಧಕ ಇವುಗಳಿಗೆ ಜಿಲ್ಲೆಯಲ್ಲಿ ದರಪಟ್ಟಿ ಇರುತ್ತದೆ. ಪುಕ್ಕಟೆಯಾಗಿ ಬಂದ ಕುರ್ಚಿಗೂ ಆ ದರದಲ್ಲಿ ಬೆಲೆ ಕಟ್ಟಿ ಬರೆಯಬೇಕು. ಲೆಕ್ಕ ಕೊಡದಿದ್ದವರನ್ನೂ ಸರಿಯಾಗಿ ಕೊಡದಿದ್ದವರನ್ನೂ ಆಯೋಗವು ಮೂರು ವರುಷಗಳವರೆಗೆ ಅನರ್ಹಗೊಳಿಸಬಹುದು. ಇದು ಬರಿಯ ಬೆದರಿಕೆಯಲ್ಲ. ಉತ್ತರಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವರು ಸುದ್ದಿಯ ವೇಷದಲ್ಲಿ ಪತ್ರಿಕೆಗಳಲ್ಲಿ ಬಂದ ಪ್ರಚಾರದ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು 2011ರ ಅಕ್ಟೋಬರದಲ್ಲಿ ಮೂರು ವರುಷ ಅನರ್ಹರಾದರು.

ಇನ್ನೊಂದು ಸಂಗತಿಯನ್ನು ಬಹುಜನರು ಅರಿಯರು. ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಿದ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. 1961ರ ಚುನಾವಣಾ ನಿಯಮಗಳಲ್ಲಿ ಅದಕ್ಕೆ ಗೊತ್ತುಪಡಿಸಿದ ಶುಲ್ಕ ಒಂದು ರೂಪಾಯಿ. ನಮ್ಮ ಕ್ಷೇತ್ರದ ಉಮೇದುವಾರರ ಲೆಕ್ಕ ಇರುವುದು ಕಾಸರಗೋಡಿನ ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋಗಿ ಬರುವ ಬಸ್ಸಿನ ಟಿಕೇಟು ಆ ಶುಲ್ಕಕ್ಕಿಂತ ಎಷ್ಟೋ ಪಾಲು ಹೆಚ್ಚು. ಊರಿನಲ್ಲಿ ಕಂಡ ಮೆರವಣಿಗೆ ಎಷ್ಟು, ಹಾಳೆಯಲ್ಲಿ ಬರೆದ ಮೆರವಣಿಗೆ ಎಷ್ಟು ಎಂದು ಹೋಲಿಸಿ ನೋಡಬಲ್ಲವರು ಕಣ್ಣಾರೆ ಕಂಡ ಊರವರೇ ಹೊರತು ದೂರದ ಅಧಿಕಾರಿಗಳಲ್ಲ.

ಪೆನ್ನು ಹಂಚಿಸಿದ ಹುಡುಗನು ಗೆದ್ದನೋ ಸೋತನೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅವನು ಈಗಲೂ ನಮ್ಮ ಶಾಲೆಯಲ್ಲಿ ಓದುತ್ತಿದ್ದಾನೆ, ಒಳ್ಳೆಯ ಹುಡುಗನೇ. ಈ ವರುಷ ನಿಯಮವನ್ನು ತಿದ್ದಿದೆವು. ಉಮೇದುವಾರನಿಗೆ ತಿಳಿದಂತೆ ಯಾರೇ ವೆಚ್ಚ ಮಾಡಲಿ, ಅದು ಅವನ ಇಪ್ಪತ್ತು ರೂಪಾಯಿಯೊಳಗೇ ಬರತಕ್ಕದ್ದು. ಕೊಟ್ಟವರ ಹೆಸರನ್ನು ಗುಲಾಬಿ ಹಾಳೆಯಲ್ಲಿ ಬರೆಯತಕ್ಕದ್ದು. ಹಾಳೆಗಳನ್ನು ಮತದಾನದ ಹಿಂದಿನ ದಿನ ಸೂಚನಾ ಫಲಕದಲ್ಲಿ ಅಂಟಿಸತಕ್ಕದ್ದು. "ದೇಶದಲ್ಲಿಯೂ ಹೀಗೆಯೇ ಮಾಡಬಹುದಲ್ಲ ಸಾರ್?" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಿಯಮ ಮಾಡುವವರೂ ಚುನಾವಣೆಗೆ ನಿಲ್ಲುವವರೂ ಶಾಲೆಯಲ್ಲಿ ಬೇರೆ ಬೇರೆ, ದೇಶದಲ್ಲಿ ಅವರಿಬ್ಬರೂ ಒಬ್ಬರೇ ಎಂದು ಉತ್ತರಿಸಿದೆವು. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಆ ಹುಡುಗಿಯೂ ಉಮೇದುವಾರಳಾಗಿದ್ದಳು. ಅವಳ ಲೆಕ್ಕದಲ್ಲಿ ರಟ್ಟಿಗೆ ಎಂಟು ರೂಪಾಯಿ, ಬಣ್ಣದ ಪೆನ್ಸಿಲಿಗೆ ಐದು ರೂಪಾಯಿ, ಅದರ ಕೆಳಗೆ 'ಅಮ್ಮ ಕಾಯಿಸಿ ಕೊಟ್ಟ ಮೈದಾ ಅಂಟು, ಬೆಲೆ ತಿಳಿಯದು' ಎಂದಿತ್ತು. ಅಂಟಿಗೆ ಬೆಲೆ ಕಟ್ಟಬೇಕೇ ಬೇಡವೇ ಎಂಬ ಚರ್ಚೆ ಹತ್ತನೆಯ ತರಗತಿಯಲ್ಲಿ ಒಂದು ಪೂರ್ತಿ ಪೀರಿಯಡು ನಡೆಯಿತು. ಕೊನೆಗೆ ಮೈದಾಕ್ಕೆ ಎರಡು ರೂಪಾಯಿಯೆಂದು ಬರೆದುಕೊಂಡೆವು. ಒಲೆಯ ಸೌದೆಯನ್ನು ಬಿಟ್ಟುಬಿಟ್ಟೆವು.