ಬೋಟು ಕಟ್ಟಿದ ತಿಂಗಳಲ್ಲಿ ಒಂದು ಪತ್ರ

ಪ್ರೀತಿಯ ತಮಾ,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದ ಮಾತು ಇನ್ನೂ ಮನಸ್ಸು ಬಿಟ್ಟು ಹೋಗಿಲ್ಲ. ಮಗ ಊಟದ ತಟ್ಟೆ ತಳ್ಳಿದನೆಂದು ಹೊಡೆದೆ; ಅವನು ಅಳಲೂ ಇಲ್ಲ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂಲೆಗೆ ಸರಿದ; ಅದನ್ನು ನೋಡಿ ನನಗೇ ನಡುಕ ಬಂತು ಅಂದೆ. ಹಾಗೆ ತಲೆ ಮುಚ್ಚಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ಅವನ ವಯಸ್ಸಿನಲ್ಲಿ ನೀನೂ ಹಾಗೇ ಮುಚ್ಚಿಕೊಳ್ಳುತ್ತಿದ್ದೆ. ನಿನಗಿಂತ ಮೊದಲು ನಿನ್ನ ಅಪ್ಪ. ಮೂರು ತಲೆಮಾರನ್ನು ಕಂಡವಳು ನಾನು, ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಬರೆಯುತ್ತಿದ್ದೇನೆ.

ನೀನು ಬಾಯಿ ಬಿಟ್ಟು ಹೇಳಿಕೊಂಡೆಯಲ್ಲ, ನಮ್ಮ ಮನೆಯ ಗಂಡಸರು ಯಾರೂ ಈವರೆಗೆ ಮಾಡದ ಕೆಲಸ ಅದು. ನನ್ನ ಅಪ್ಪ ರಾತ್ರಿ ಅವ್ವನನ್ನು ಹೊಡೆದು, ಬೆಳಗಾದರೆ ಏನೂ ಆಗಿಲ್ಲವೆಂಬಂತೆ ಬೋಟು ನಿಲ್ಲುವ ದಕ್ಕೆಯ ಕಡೆ ನಡೆಯುತ್ತಿದ್ದ. ನಿನ್ನ ಅಪ್ಪ ಹೊಡೆದ ಮಾರನೇ ದಿನ ನಿಮಗೆ ತಿಂಡಿ ತಂದು ಕೊಡುತ್ತಿದ್ದ. ಅಷ್ಟಕ್ಕೇ ಲೆಕ್ಕ ಚುಕ್ತಾ ಆಯಿತೆಂದು ತಿಳಿದಿದ್ದ. ನಿನಗೆ ನಡುಕ ಬಂತು. ಆ ನಡುಕದ ಮೇಲೆ ನನಗೆ ಬಹಳ ಭರವಸೆಯಿದೆ.

ಈಗ ಬೋಟು ಕಟ್ಟಿದ ತಿಂಗಳು; ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ, ಗಂಡಸರು ಮನೆಯಲ್ಲಿ. ಹೊರಗೆ ಬಿಡದ ಮಳೆ, ಒಳಗೆ ಶಾಲೆಯ ಖರ್ಚು, ಸಾಲದ ಕಂತು. ಈ ಕಷ್ಟ ನನಗೆ ಗೊತ್ತು. ಆದರೆ ಒಂದು ಮಾತು ಯೋಚಿಸು. ಎಷ್ಟೇ ಸಿಟ್ಟು ಬಂದರೂ ಬೋಟು ನಡೆಸುವ ತಂಡೇಲನ ಮೇಲೆ ಯಾರೂ ಕೈ ಮಾಡುವುದಿಲ್ಲ. ಸಾಲ ಕೊಟ್ಟವನ ಮೇಲೆ ಮಾಡುವುದಿಲ್ಲ. ಹೊರಗೆಲ್ಲ ನುಂಗಿಕೊಂಡು ಬಂದ ಸಿಟ್ಟು ಮನೆಯ ಹೊಸ್ತಿಲು ದಾಟಿದ ಮೇಲೆಯೇ, ತಿರುಗಿ ಹೊಡೆಯಲಾರದವರ ಮೇಲೆ ಬೀಳುತ್ತದೆ. ಅಂದರೆ ತಡೆದುಕೊಳ್ಳುವ ಶಕ್ತಿ ನಮ್ಮಲ್ಲಿ ಇದ್ದೇ ಇದೆ. ಹೊರಗೆ ದಿನವೂ ಬಳಸುತ್ತೇವೆ, ಮನೆಯೊಳಗೆ ಬಳಸುವುದಿಲ್ಲ.

ಎಲ್ಲಾ ಕುಡಿತದಿಂದ ಅನ್ನುವವರಿದ್ದಾರೆ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆದು ಹೇಳುತ್ತೇನೆ. ಹಾಲಕ್ಕಿ ಸಮುದಾಯದ ಹಾಡುಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದ ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ನಿಂತವರು ಅವರು. ಓದು ಬರಹ ಬಾರದ ಹೆಣ್ಣುಮಗಳು ಮನೆಯೊಳಗಿನ ಸಂಕಟವನ್ನು ಬೀದಿಗೆ ತಂದು ಮಾತಾಡಿದ್ದು ಸಣ್ಣ ಧೈರ್ಯವಲ್ಲ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪೆಟ್ಟು ನಿಲ್ಲಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಷ್ಟೂ ಮನೆಗಳಲ್ಲಿ ಕುಡುಕರೇ ಇದ್ದಾರೆಂದು ನಾನು ನಂಬಲಾರೆ. ದಕ್ಕೆಯ ಹತ್ತಿರದ ಮನೆಗಳಲ್ಲಿ ಮಾತ್ರ ಇದು ನಡೆಯುತ್ತದೆಂದು ತಿಳಿಯುವವರೂ ತಪ್ಪು ತಿಳಿದಿದ್ದಾರೆ. ಇಸ್ತ್ರಿ ಅಂಗಿ ತೊಟ್ಟು ಕಚೇರಿಗೆ ಹೋಗುವವರ ಮನೆಯ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿರುತ್ತದೆ. ಕುಡಿತ ಬಿಡಬೇಕು, ಬಿಟ್ಟರೂ ಅದೊಂದೇ ಸಾಲದು.

ಪೆಟ್ಟನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದು ಒಂದು ನಂಬಿಕೆ: ‘ಅಪ್ಪ ಹೊಡೆದದ್ದಕ್ಕೇ ನಾನು ದಾರಿಗೆ ಬಂದೆ.’ ನಿನ್ನ ಅಪ್ಪನೂ ಇದನ್ನೇ ಹೇಳುತ್ತಿದ್ದ. ತಮಾ, ನೀನು ದಾರಿಗೆ ಬಂದದ್ದು ಹೊಡೆತದಿಂದಲ್ಲ. ಬುಟ್ಟಿ ಹೊತ್ತು ಮೀನು ಮಾರಿ ನಿನ್ನ ಶಾಲೆಯ ಫೀಸು ಕಟ್ಟಿದ ನಿನ್ನ ಅಮ್ಮನಿಂದ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹತ್ತು ಸಲ ತಪ್ಪಿದರೂ ಬೈಯದೆ ಹರಿದ ಬಲೆ ನೇಯಲು ಕಲಿಸಿದ ನಿನ್ನ ಮಾವನಿಂದ. ಹೊಡೆತ ನಿನಗೆ ಕಲಿಸಿದ್ದು ಸುಳ್ಳು ಹೇಳುವುದನ್ನು, ಹೆಜ್ಜೆ ಸಪ್ಪಳ ಕೇಳಿದೊಡನೆ ಹಿಂಬಾಗಿಲಿನಿಂದ ಓಡುವುದನ್ನು.

ಅಪ್ಪನನ್ನು ದ್ವೇಷಿಸು ಎಂದು ನಾನು ಹೇಳುವುದಿಲ್ಲ. ಅವನು ನನ್ನ ತಮ್ಮ, ಅವನೂ ಪೆಟ್ಟು ತಿಂದು ಬೆಳೆದವ. ಅವನ ಮೇಲಿನ ಪ್ರೀತಿಯನ್ನು ಇಟ್ಟುಕೊಂಡೇ, ಅವನು ಮಾಡಿದ್ದು ತಪ್ಪು ಎಂದು ಹೇಳಲು ಬರುತ್ತದೆ. ಹಾಗೆ ಹೇಳಲಾಗದವನು ಮುಂದೆ ಅದನ್ನೇ ಮಾಡುತ್ತಾನೆ. ಪೆಟ್ಟು ತಿಂದವರೆಲ್ಲ ಪೆಟ್ಟು ಕೊಡುವವರಾಗುವುದಿಲ್ಲ, ಇದನ್ನೂ ನೆನಪಿಡು. ಹೆಚ್ಚಿನವರು ಆಗುವುದಿಲ್ಲ. ಇಡೀ ದೇಶವೇ ಈ ರೂಢಿ ಬಿಡಲು ಹೊರಟದ್ದೂ ಇದೆ: ಸ್ವೀಡನ್ 1979ರಲ್ಲಿ, ಅಪ್ಪ ಅಮ್ಮನೂ ಮಕ್ಕಳನ್ನು ಹೊಡೆಯಬಾರದೆಂದು ಕಾನೂನು ಮಾಡಿ, ಆ ಸುದ್ದಿಯನ್ನು ಹಾಲಿನ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಮಾಸ್ತರರಿಗೆ ಇಲ್ಲದ ಅಧಿಕಾರವನ್ನು ಮನೆಯಲ್ಲಿ ನಮಗೆ ಯಾರು ಕೊಟ್ಟರು?

ಸಿಟ್ಟು ಏರಿದಾಗ ಮಗುವನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ನಡೆ. ಮಳೆಯಾದರೂ ನಡೆ. ಮೊನ್ನೆಯದಕ್ಕೆ ಅವನ ಎದುರು ಕೂತು, ‘ನಾನು ಹೊಡೆದದ್ದು ತಪ್ಪು, ನಿನ್ನದೇನೂ ತಪ್ಪಿಲ್ಲ’ ಎಂದು ಹೇಳು. ಐದು ವರ್ಷದ ಮಗುವಿಗೆ ಅದು ಪೂರಾ ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಬರೆಯಲು ಕಷ್ಟವಾದರೂ ಬರೆಯಲೇಬೇಕು. ಮಕ್ಕಳ ಮೈ ಮುಟ್ಟಿ ಪೀಡಿಸುವವರು ಎಲ್ಲಿಂದಲೋ ಬರುತ್ತಾರೆಂದು ನಾವು ಹೊರರಾಜ್ಯದಿಂದ ಬೋಟಿನ ಕೆಲಸಕ್ಕೆ ಬಂದವರನ್ನು ಅನುಮಾನದಿಂದ ನೋಡುತ್ತೇವೆ. 2007ರ ಕೇಂದ್ರ ಸರಕಾರದ ಅಧ್ಯಯನಕ್ಕಾಗಿ 13 ರಾಜ್ಯಗಳ ಸಾವಿರಾರು ಮಕ್ಕಳನ್ನು ಮಾತಾಡಿಸಿದಾಗ ತಿಳಿದದ್ದು ಬೇರೆ: ಪೀಡಿಸಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಯದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹೊಡೆಯುವ ಮನೆಯಲ್ಲಿ ಮಗು ಹೇಳುವುದಾದರೂ ಹೇಗೆ? ತಟ್ಟೆ ತಳ್ಳಿದ್ದಕ್ಕೇ ಹೊಡೆಯುವ ಅಪ್ಪನಿಗೆ ಇಂಥ ಸುದ್ದಿ ಹೇಳುವ ಎದೆಗಾರಿಕೆ ಯಾವ ಮಗುವಿಗಿದೆ? ನಿನ್ನ ಕೈಯ ಪೆಟ್ಟು ಇನ್ನೊಬ್ಬನ ಪಾಪಕ್ಕೆ ಕಾವಲಾಗಿ ನಿಲ್ಲುವುದು ಹೀಗೆ.

ಹಬ್ಬಕ್ಕೆ, ಜಾತ್ರೆಗೆ ಬಂದ ನೆಂಟರು ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಾಗ ಅದು ಕೊಸರಿಕೊಂಡರೆ, ‘ಮಾಮಾ ಅಲ್ಲವಾ, ಮುತ್ತು ಕೊಡು’ ಎಂದು ಒತ್ತಾಯಿಸಬೇಡ. ಒಲ್ಲೆ ಅನ್ನುವ ಹಕ್ಕು ಅದಕ್ಕಿದೆ. ಏನಾದರೂ ಹೇಳಿದರೆ ಮೊದಲು ನಂಬು. ಮನೆಯ ಮರ್ಯಾದೆ ಎಂದು ಹಿರಿಯರು ಬಾಯಿ ಮುಚ್ಚಿಸಲು ಬಂದರೆ ಒಪ್ಪಬೇಡ. ಮಕ್ಕಳನ್ನು ಲೈಂಗಿಕ ಹಿಂಸೆಯಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಂತೆ, ಗೊತ್ತಿದ್ದೂ ದೂರು ಕೊಡದೆ ಮುಚ್ಚಿಡುವುದೇ ಅಪರಾಧ. ಠಾಣೆಯ ಹೆದರಿಕೆಯೂ ಬೇಡ: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಇಲ್ಲವೆ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರ್, ಸಮವಸ್ತ್ರ ಹಾಕದೆ ಪಡೆಯಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ನಮ್ಮ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇದೆ. ಮಕ್ಕಳ ಸಹಾಯವಾಣಿ 1098, ಹೆಂಗಸರಿಗೆ 181, ತುರ್ತಿಗೆ 112. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ ಫೋನ್ ಮಾಡಬಹುದು. ಪಕ್ಕದ ಮನೆಯ ಮಗುವಿನ ಅಳು ಕೇಳಿದರೂ ಮಾಡು. ‘ಅವರ ಮನೆ ವಿಷಯ’ ಎಂದು ಕಿಟಕಿ ಮುಚ್ಚಿಕೊಂಡವರಿಂದಲೇ ನಮ್ಮ ಅವ್ವ ಅಷ್ಟು ವರ್ಷ ಪೆಟ್ಟು ತಿಂದಳು.

ಆಗಸ್ಟ್ ಒಂದಕ್ಕೆ ಬೋಟು ಇಳಿಯುತ್ತದೆ. ಅದಕ್ಕೆ ಮೊದಲು ಬಲೆ ರಿಪೇರಿಗೆಂದು ನೀವೆಲ್ಲ ಒಟ್ಟಿಗೆ ಕೂರುತ್ತೀರಲ್ಲ, ಆಗ ಈ ಪತ್ರವನ್ನು ನಿನ್ನ ಬೋಟಿನ ಹುಡುಗರಿಗೆ ಓದಿ ಹೇಳು. 1098 ಅನ್ನು ಎಲ್ಲರ ಮೊಬೈಲಿನಲ್ಲೂ ಹಾಕಿಸು.

ಇತಿ,
ನಿನ್ನ ಸೋದರತ್ತೆ