ಬ್ಯಾಟರಿ ಸಕ್ಷನ್ ಕಪ್: ಟೈಲ್ಸ್, ಗ್ರಾನೈಟ್ ಎತ್ತುವ ಹೊಸಬರಿಗೆ ಹಂತ ಹಂತವಾಗಿ

ಎರಡಡಿಗೆ ನಾಲ್ಕಡಿಯ ಟೈಲ್ಸ್ ಈಗ ಸಣ್ಣ ಊರಿನ ಮನೆಗಳಿಗೂ ಬಂದಿದೆ. ಅಂಚು ಹಿಡಿದು ಗಾರೆಯ ಮೇಲೆ ಇಳಿಸಲು ಹೋದರೆ ಬೆರಳು ಅಡಿಗೆ ಸಿಕ್ಕುತ್ತದೆ, ಸಂಜೆಗೆ ಸೊಂಟ ಹಿಡಿಯುತ್ತದೆ. ಬ್ಯಾಟರಿ ಸಕ್ಷನ್ ಕಪ್ ಇದಕ್ಕೆ ಒಳ್ಳೆಯ ಪರಿಹಾರ. ಅಗಲವಾದ ರಬ್ಬರ್ ತಟ್ಟೆ, ಮೇಲೊಂದು ಹಿಡಿ, ಅದರೊಳಗೆ ಪುಟ್ಟ ಪಂಪ್, ಒತ್ತಡ ತೋರಿಸುವ ಪರದೆ. ಇಷ್ಟೇ ಯಂತ್ರ.

ಬಳಸುವ ಮೊದಲು ಒಂದು ವಿಷಯ ಮನಸ್ಸಿಗೆ ಹೋಗಬೇಕು. ಕಲ್ಲನ್ನು ಹಿಡಿದಿಡುವುದು ಹೊರಗಿನ ಗಾಳಿ. ಸಮುದ್ರಮಟ್ಟದಲ್ಲಿ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕೆಜಿ ತೂಕದಷ್ಟು ಒತ್ತುತ್ತಿರುತ್ತದೆ. ಪಂಪ್ ತಟ್ಟೆಯಡಿಯ ಗಾಳಿಯನ್ನು ಎಳೆದು ತೆಗೆದಾಗ ಹೊರಗಿನ ಒತ್ತಡ ಗೆಲ್ಲುತ್ತದೆ. 20 ಸೆಂಟಿಮೀಟರ್ ಅಡ್ಡಳತೆಯ ತಟ್ಟೆಯಿಂದ ಶೇ. 60ರಷ್ಟು ಗಾಳಿ ತೆಗೆದರೆ ಲೆಕ್ಕದ ಪ್ರಕಾರ 190 ಕೆಜಿಯ ಆಸುಪಾಸಿನ ಬಲ. ಅದೇ ಯಂತ್ರ, ಅದೇ ಲೆಕ್ಕ, ಬೆಂಗಳೂರಿನಲ್ಲಿ 170ರ ಹತ್ತಿರಕ್ಕೆ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಊರಾದ್ದರಿಂದ ಇಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಎಲ್ಲಿಂದಾದರೂ ಕೂದಲೆಳೆಯಷ್ಟು ಸಂದಿನಲ್ಲಿ ಗಾಳಿ ಒಳಗೆ ಹೋದರೆ ಈ ಬಲವೆಲ್ಲ ಕರಗುತ್ತದೆ. ಮುಂದೆ ಹೇಳುವ ಹಲವು ಎಚ್ಚರಿಕೆಗಳು ಆ ಸಂದು ಉಳಿಯದಂತೆ ನೋಡಿಕೊಳ್ಳುವುದಕ್ಕೇ.

ಹಂತ 1: ತೂಕ ಲೆಕ್ಕ ಹಾಕಿ
20 ಎಂಎಂ ಗ್ರಾನೈಟ್ ಚದರಡಿಗೆ ಸುಮಾರು 5 ಕೆಜಿ. ಎಂಟಡಿ ಉದ್ದ, ಎರಡಡಿ ಅಗಲದ ಅಡುಗೆಕಟ್ಟೆಯ ಕಲ್ಲು ಎಂದರೆ 80 ಕೆಜಿ. 9 ಎಂಎಂ ವಿಟ್ರಿಫೈಡ್ ಟೈಲ್ಸ್ ಚದರಡಿಗೆ 2 ಕೆಜಿಯಷ್ಟು, ಎರಡಡಿ ನಾಲ್ಕಡಿಯದು 16 ಕೆಜಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆ ಸಾಮಾನ್ಯವಾಗಿ ನಯವಾದ, ಒಣಗಿದ ಮೈಯನ್ನು ಮಲಗಿಸಿದಂತೆಯೇ ಮೇಲೆತ್ತುವಾಗಿನದು. ಅದರ ಅರ್ಧವನ್ನು ಮಾತ್ರ ನಂಬಿ. ಪುಸ್ತಿಕೆಯಲ್ಲಿ ಇನ್ನೂ ಕಡಿಮೆ ಹೇಳಿದ್ದರೆ ಅದೇ ಕೊನೆಯ ಮಾತು. ಕಲ್ಲನ್ನು ನಿಲ್ಲಿಸಿ ಸಾಗಿಸುವಾಗ ತಟ್ಟೆ ಜಾರದಂತೆ ತಡೆಯುವುದು ರಬ್ಬರಿನ ಘರ್ಷಣೆಯೊಂದೇ. ಹಾಗಾಗಿ ಆಗಿನ ಮಿತಿ ಬೇರೆ, ಮತ್ತೂ ಕಡಿಮೆ.

ಹಂತ 2: ಮೈ ನೋಡಿ, ಒರೆಸಿ
ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಮನೆಯ ಕೆಲಸ ನಡೆದಾಗ ಆಗಷ್ಟೇ ಕಟರ್ ಹೊಡೆದ ಟೈಲ್ಸನ್ನು ಒರೆಸದೆ ಎತ್ತಿದರು. ಪರದೆಯಲ್ಲಿ ಒತ್ತಡ ಸರಿಯಾಗಿಯೇ ಕಾಣುತ್ತಿತ್ತು. ಮೂರು ಹೆಜ್ಜೆ ಇಡುವಷ್ಟರಲ್ಲಿ ಟೈಲ್ಸ್ ಜಾರಿ ಬಿತ್ತು. ಕೆಲಸದ ಹುಡುಗನ ಕಾಲ್ಬೆರಳು ಉಳಿದದ್ದು ಅವನು ತೊಟ್ಟಿದ್ದ ಬೂಟಿನಿಂದ. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸದೆ ಯಾವ ಟೈಲ್ಸನ್ನೂ ಎತ್ತಲು ನಾನು ಬಿಡುವುದಿಲ್ಲ. ರಬ್ಬರಿನ ಅಂಚನ್ನೂ ಒರೆಸಿ.

ಪಾಲಿಶ್ ಮಾಡಿದ ಗ್ರಾನೈಟ್, ಗಾಜು, ಹೊಳಪಿನ ಟೈಲ್ಸ್ ಚೆನ್ನಾಗಿ ಹಿಡಿಯುತ್ತವೆ. ಉಳಿಯ ಗುರುತಿರುವ ಸಾದರಹಳ್ಳಿ ಕಲ್ಲು, ಬೆಂಕಿ ತೋರಿಸಿ ಒರಟು ಮಾಡಿದ ಗ್ರಾನೈಟ್ ಇವುಗಳ ಮೇಲೆ ಬರೀ ರಬ್ಬರ್ ನಿಲ್ಲದು. ದಪ್ಪ ಸ್ಪಂಜಿನ ಬಳೆ ಇರುವ ಮಾದರಿ ಸ್ವಲ್ಪ ಒರಟು ಮೈಯನ್ನು ಹಿಡಿದೀತು, ತೀರಾ ಒರಟಾದರೆ ಅದೂ ಸೋಲುತ್ತದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮಾರ್ಬಲ್ಲಿನಲ್ಲಿ ಕಪ್ ಹಿಡಿಯುವುದು ಹಾಳೆಯನ್ನು, ಕಲ್ಲನ್ನಲ್ಲ. ಹಾಳೆ ಕಿತ್ತು ಎತ್ತಿ. ಬಿರುಕು ಕಂಡರೆ ಆ ಕಲ್ಲಿಗೆ ಕಪ್ ಹಚ್ಚಲೇಬೇಡಿ. ಸಿಂಕಿಗೆಂದು ಕೊರೆದ ಅಡುಗೆಕಟ್ಟೆಯ ಕಲ್ಲು ರಂಧ್ರದ ಪಕ್ಕ ಉಳಿದ ಕಿರಿದಾದ ಪಟ್ಟಿಯಲ್ಲೇ ಮುರಿಯುತ್ತದೆ. ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡೂ ಬದಿಯ ಗಟ್ಟಿ ಭಾಗಕ್ಕೆ ಒಂದೊಂದು ಕಪ್ ಹಚ್ಚಿ, ಅಡಿಗೂ ಕೈಯಾಸರೆ ಕೊಟ್ಟು ಒಯ್ಯಬೇಕು.

ಹಂತ 3: ಕಪ್ ಕೂರಿಸಿ
ಒಂದೇ ಕಪ್ ಆದರೆ ನಟ್ಟನಡುವೆ. ಎರಡಾದರೆ ನಡುವಿನಿಂದ ಸಮದೂರದಲ್ಲಿ. ಅಂಗೈಯಿಂದ ಒತ್ತಿ ಹಿಡಿದು ಗುಂಡಿ ಒತ್ತಿ. ಪುಸ್ತಿಕೆ ಹೇಳಿದ ಒತ್ತಡ ಬಂದಾಗ ಪಂಪ್ ತಾನಾಗಿ ನಿಲ್ಲುತ್ತದೆ. ತಕ್ಷಣ ಎತ್ತಬೇಡಿ. ಒಂದು ನಿಮಿಷ ಪರದೆಯನ್ನೇ ನೋಡಿ. ಪಂಪ್ ಮತ್ತೆ ಮತ್ತೆ ಚಾಲೂ ಆಗುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಬಿಡಿಸಿ, ಒರೆಸಿ, ಜಾಗ ಬದಲಿಸಿ. ಆಗಲೂ ಸೋರಿದರೆ ಆ ಕಲ್ಲನ್ನು ಕೈಯಿಂದಲೇ ಎತ್ತಿಸಿ.

ಹಂತ 4: ಎರಡಿಂಚು ಎತ್ತಿ, ಆಮೇಲೆ ನಡೆಯಿರಿ
ಮೊದಲು ನೆಲದಿಂದ ಎರಡಿಂಚು ಮಾತ್ರ ಎತ್ತಿ ಹತ್ತು ಎಣಿಸಿ. ವಾಲಿದರೆ ಇಳಿಸಿ ಕಪ್ ಸರಿಸಿ. ಸಾಗಿಸುವಾಗ ಕಲ್ಲು ಮೊಣಕಾಲಿನ ಮಟ್ಟ ದಾಟಬಾರದು. ತಲೆಯ ಮೇಲಿನ ಕೆಲಸಕ್ಕೆ ಇದು ಬೇಡವೇ ಬೇಡ. ಕಾಲನ್ನು ಯಾವತ್ತೂ ಕಲ್ಲಿನ ಅಡಿಗೆ ತರಬೇಡಿ. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಈ ಕೆಲಸ ಮಾಡುವವರನ್ನು ದಿನವೂ ನೋಡುತ್ತೇವೆ. ಮುಂದೆ ಗಟ್ಟಿ ಕವಚವಿರುವ ಬೂಟು ಕೊಡಿಸುವುದು ಕೆಲಸ ಹಿಡಿದ ಮೇಸ್ತ್ರಿಯ ಹೊಣೆ.

ಹಂತ 5: ಇಳಿಸಿ, ಬಿಡಿಸಿ
ಕಲ್ಲು ಪೂರ್ತಿ ಕೂತ ಮೇಲೆಯೇ ಗಾಳಿ ಬಿಡುವ ಗುಂಡಿ ಒತ್ತಿ. ಚಾಕು, ಕರಣೆ ತೂರಿಸಿ ಎಬ್ಬಿಸಿದರೆ ರಬ್ಬರಿನ ಅಂಚು ಹರಿಯುತ್ತದೆ, ಆಮೇಲೆ ಆ ತಟ್ಟೆ ನಂಬಿಕೆಗೆ ಉಳಿಯುವುದಿಲ್ಲ. ಊಟಕ್ಕೆ ಹೋಗುವಾಗ ಕಪ್ಪನ್ನು ಕಲ್ಲಿಗೆ ಕಚ್ಚಿಸಿ ಬಿಟ್ಟು ಹೋಗಬೇಡಿ.

ಹಂತ 6: ಸಂಜೆಯ ಆರೈಕೆ
ರಬ್ಬರನ್ನು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ತಾಗಿಸಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗಾಳಿ ಎಳೆಯುವ ರಂಧ್ರದ ಫಿಲ್ಟರಿನಲ್ಲಿ ಕಟರಿನ ಹುಡಿ ಕೂತಿರುತ್ತದೆ, ತೆಗೆದು ಕೊಡವಿ. ಕೆಸರುನೀರು ಒಳಗೆ ಹೋದರೆ ಪಂಪ್ ಕೆಡುತ್ತದೆ. ಡಬ್ಬಿಯಲ್ಲಿ ಇಡುವಾಗ ರಬ್ಬರಿನ ಮೇಲೆ ಭಾರ ಬೀಳದಿರಲಿ, ಬಿಸಿಲಿಗೂ ಇಡಬೇಡಿ.

ಲಿಥಿಯಂ ಬ್ಯಾಟರಿಗೆ ಜೊತೆಗೆ ಬಂದ ಚಾರ್ಜರನ್ನೇ ಹಾಕಿ. ಬಿಸಿಯಾಗಿದ್ದರೆ ತಣಿಯಲು ಬಿಡಿ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬೇಡಿ. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ ಎತ್ತಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ: ಕಲ್ಲು ಸಾಗುವ ಹೊತ್ತಿನಲ್ಲಿ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ದಾರಿಯಲ್ಲಿರುವ ಬಕೆಟ್ಟು, ವೈರು ಸರಿಸಿ. ಒಂದು ನಿಮಿಷ ಪರದೆ ನೋಡುತ್ತ ನಿಂತ ಕೆಲಸದವರನ್ನು ಬೇಗ ಎತ್ತಿ ಎಂದು ಅವಸರಪಡಿಸಬೇಡಿ.