ಕಿಟಕಿ ಪಕ್ಕದ ಗಾರ್ಡೇನಿಯಾ: ಮೊಗ್ಗು ಯಾಕೆ ಉದುರುತ್ತದೆ?



ಈ ಸಲದ ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ಏನಾದರೂ ಬರೆದುಕೊಡು ಎಂದು ಮೇಷ್ಟ್ರು ಹೇಳಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಒಂದು ಹೂಕುಂಡ. ಅದರಲ್ಲಿರುವುದು ಗಾರ್ಡೇನಿಯಾ. ಎರಡು ವರ್ಷ ಅದು ನಮ್ಮನ್ನು ಗೋಳು ಹೊಯ್ದುಕೊಂಡಿತು. ಮೂರನೇ ವರ್ಷ ಹೂ ಬಿಟ್ಟಿತು. ಆ ಎರಡು ವರ್ಷ ನಾವು ಮಾಡಿದ ತಪ್ಪುಗಳೇ ಈ ಪಾಠ.

ಮೊದಲು ಗಿಡದ ಪರಿಚಯ. ಇದನ್ನು ಕೆಲವರು ಗಂಧರಾಜ ಅನ್ನುತ್ತಾರೆ. ನಂದಿಬಟ್ಟಲು ಅಂತ ತಪ್ಪು ತಿಳಿಯುವವರೂ ಇದ್ದಾರೆ. ಎಲೆ ಮುರಿದು ನೋಡಿ, ಹಾಲು ಬಂದರೆ ಅದು ನಂದಿಬಟ್ಟಲು. ಗಾರ್ಡೇನಿಯಾದಲ್ಲಿ ಹಾಲು ಬರುವುದಿಲ್ಲ. ಇದರ ತವರು ಚೀನಾ, ಜಪಾನ್ ಕಡೆ. ಹೆಸರು ಮಾತ್ರ ಬಂದದ್ದು ಅಮೆರಿಕಾದ ಚಾರ್ಲ್ಸ್‌ಟನ್ ಊರಿನಲ್ಲಿ ವೈದ್ಯರಾಗಿದ್ದ ಅಲೆಕ್ಸಾಂಡರ್ ಗಾರ್ಡನ್ ಅವರಿಂದ. ಅವರ ಗೌರವಕ್ಕೆ ಜಾನ್ ಎಲ್ಲಿಸ್ 1761ರಲ್ಲಿ ಈ ಹೆಸರು ಇಟ್ಟರು. ತೋಟ ಅನ್ನುವ ಇಂಗ್ಲಿಷ್ ಮಾತಿನಿಂದ ಬಂತು ಅಂತ ನಾನು ತಿಳಿದಿದ್ದೆ, ಅದು ಸುಳ್ಳು. ಬಯಲುಸೀಮೆ ಗುಡ್ಡಗಳಲ್ಲಿ ಸಿಗುವ ಬಿಕ್ಕೆ ಗಿಡ ಇದರ ಸ್ವಂತ ಕುಲದ್ದೇ. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ನಮ್ಮ ತೋಟದ ಕಾಫಿ ಗಿಡವೂ ಇದೂ ಒಂದೇ ಕುಟುಂಬ. ಎರಡರ ಎಲೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಎದುರುಬದುರು ಜೋಡಿ ಎಲೆ, ಅದೇ ಹೊಳಪು. ಈ ನೆಂಟಸ್ತನವೇ ನನಗೆ ಮೋಸ ಮಾಡಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಜ್ಜಿ ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಅಂಗಳಕ್ಕೆ ಇಳಿಯುವುದು ಅವರಿಂದ ಆಗಲಿಲ್ಲ. ಅಂಗಳದ ಕಟ್ಟೆ ಮೇಲೆ ಸಿಮೆಂಟಿನ ಕುಂಡದಲ್ಲಿ ಅವರೇ ಬೆಳೆಸಿದ ಗಾರ್ಡೇನಿಯಾ ಇತ್ತು. "ಮುಡಿಯೋಕೆ ಬೇಡ ಪುಟ್ಟಿ, ರಾತ್ರಿ ಎಚ್ಚರ ಆದಾಗ ಅದರ ಪರಿಮಳ ಬಂದ್ರೆ ಸಾಕು" ಅಂದರು. ನಾನೂ ಅಪ್ಪನೂ ಸೇರಿ ಕುಂಡವನ್ನು ಅಜ್ಜಿಯ ಕೋಣೆಗೆ ಹೊತ್ತು ತಂದೆವು.

ಮೊದಲ ವರ್ಷ ಒಂದೇ ಒಂದು ಮೊಗ್ಗೂ ಬರಲಿಲ್ಲ. ಚಿಗುರೆಲೆಗಳು ಹಳದಿಯಾದವು, ಆದರೆ ನರಗಳು ಮಾತ್ರ ಹಸಿರಾಗೇ ಉಳಿದವು. ಗೊಬ್ಬರ ಸಾಲದು ಅಂತ ಅಮ್ಮ ಒಲೆಯ ಬೂದಿ ತಂದು ಬುಡಕ್ಕೆ ಹಾಕಿದರು. ಇನ್ನೂ ಹಳದಿಯಾಯಿತು.

ನಾನು ಎರಡು ಎಲೆ ಕಿತ್ತು ವಿಜ್ಞಾನ ಮೇಷ್ಟ್ರಿಗೆ ತೋರಿಸಿದೆ. ಅವರು ಕೇಳಿದ ಮೊದಲನೇ ಪ್ರಶ್ನೆ "ಯಾವ ನೀರು ಹಾಕ್ತೀರಿ?" ಅಂತ. ಬೋರ್‌ವೆಲ್ ನೀರು. ಎರಡನೇದು "ಯಾವ ಕುಂಡ?" ಸಿಮೆಂಟಿನದು. ಅವರಿಗೆ ಅಲ್ಲಿಗೇ ಗೊತ್ತಾಯಿತು. ಗಾರ್ಡೇನಿಯಾಕ್ಕೆ ಹುಳಿ ಮಣ್ಣು ಬೇಕು. ಪಿ.ಎಚ್. 5ರಿಂದ 6ರ ಒಳಗೆ ಇದ್ದರೆ ಚೆನ್ನ. ಗಡಸು ನೀರು, ಸಿಮೆಂಟಿನಿಂದ ಬಿಡುವ ಸುಣ್ಣ, ಒಲೆಬೂದಿ, ಈ ಮೂರೂ ಕ್ಷಾರ. ಮಣ್ಣು ಕ್ಷಾರವಾದರೆ ಅದರಲ್ಲಿ ಕಬ್ಬಿಣ ಇದ್ದರೂ ನೀರಲ್ಲಿ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಕಬ್ಬಿಣ ಇಲ್ಲದೆ ಗಿಡ ಪತ್ರಹರಿತ್ತು ತಯಾರಿಸಲಾರದು. ಹಳೇ ಎಲೆಯಲ್ಲಿರುವ ಕಬ್ಬಿಣ ಹೊಸ ಎಲೆಗೆ ಹೋಗುವುದಿಲ್ಲ, ಹಾಗಾಗಿ ಚಿಗುರೇ ಮೊದಲು ಹಳದಿಯಾಗುತ್ತದೆ. (ಬುಡದ ಒಂದೆರಡು ಹಳೇ ಎಲೆ ಹಣ್ಣಾಗಿ ಉದುರಿದರೆ ಹೆದರಬೇಡಿ, ಅದು ಸಹಜ.) ಅಪ್ಪ ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಮಣ್ಣಿನ ಹುಳಿ ತಗ್ಗಿಸಲು. ಈ ಗಿಡಕ್ಕೆ ಆ ಹುಳಿಯೇ ಬೇಕು.

ಮಳೆಗಾಲ ಶುರುವಾದಾಗ ಗಿಡವನ್ನು ಮಣ್ಣಿನ ಕುಂಡಕ್ಕೆ ಬದಲಾಯಿಸಿದೆವು. ಕಾಡಿನ ದರಗು ಕೊಳೆತ ಗೊಬ್ಬರ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಮರಳು ಒಂದು ಪಾಲು, ಜೊತೆಗೆ ಒಂದು ಹಿಡಿ ಹಳೇ ಸಗಣಿ ಗೊಬ್ಬರ. ಕುಂಡದ ಅಡಿಯ ತೂತಿನ ಮೇಲೆ ಹೆಂಚಿನ ಚೂರು. ಸೂರಿನ ನೀರು ಹಿಡಿಯಲು ಒಂದು ಡ್ರಮ್ ಇಟ್ಟು ಮುಚ್ಚಳ ಹಾಕಿದೆವು, ಬೇಸಿಗೆಗೂ ಅದೇ ನೀರು. ತಿಂಗಳಿಗೊಮ್ಮೆ ಅನ್ನಭೇದಿಯನ್ನು ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಕರಗಿಸಿ ಬುಡಕ್ಕೆ ಹಾಕಿದೆ. ಇದನ್ನು ಜಾಸ್ತಿ ಹಾಕಬಾರದು, ಬೇರು ಸುಡುತ್ತದೆ. ಆಮೇಲೆ ಬಂದ ಚಿಗುರೆಲ್ಲ ಹಸಿರಾಗಿಯೇ ಬಂತು. ಅಮ್ಮ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುವುದಕ್ಕೆ ಒಪ್ಪಿಕೊಂಡರು, ಸ್ವಲ್ಪ ಮುನಿಸಿನಿಂದಲೇ.

ಇನ್ನು ಬೆಳಕು ಮತ್ತು ಚಳಿ. ಅಜ್ಜಿಯ ಕೋಣೆ ಬಚ್ಚಲಿನ ಹಂಡೆ ಒಲೆಯ ಗೋಡೆಗೆ ಅಂಟಿಕೊಂಡಿದೆ. ಮೇಷ್ಟ್ರು ಪ್ರಯೋಗಶಾಲೆಯ ಥರ್ಮಾಮೀಟರ್ ಕೊಟ್ಟು ರಾತ್ರಿ ಅಳತೆ ಬರೆದಿಡು ಅಂದರು. ಆಗ ಡಿಸೆಂಬರ್. ಆ ಕೋಣೆಯಲ್ಲಿ ರಾತ್ರಿ 23 ಡಿಗ್ರಿ, ಜಗುಲಿ ಪಕ್ಕದ ಕೋಣೆಯಲ್ಲಿ 16. ಗಾರ್ಡೇನಿಯಾ ಮೊಗ್ಗು ಕಟ್ಟುವುದು ರಾತ್ರಿ ತಂಪಾಗಿದ್ದರೆ, ಅಂದರೆ 15ರಿಂದ 18 ಡಿಗ್ರಿ ಇದ್ದರೆ. ಬೆಚ್ಚಗಿನ ಕೋಣೆಯಲ್ಲಿ ಗಿಡ ಬರೀ ಎಲೆ ಬಿಡುತ್ತದೆ. ಜಗುಲಿ ಕೋಣೆಗೆ ಪೂರ್ವದ ಕಿಟಕಿಯೂ ಇದೆ, ಬೆಳಗಿನ ಎಳೆ ಬಿಸಿಲು ಬೀಳುತ್ತದೆ. ಅಜ್ಜಿಯ ಮಂಚವನ್ನೇ ಅಲ್ಲಿಗೆ ಸಾಗಿಸಿದೆವು. ಕುಂಡ ಕಿಟಕಿಗೆ ಒಂದು ಮೊಳ ದೂರದಲ್ಲಿ. ಕೋಣೆಯ ನಡುವೆ ಇಟ್ಟರೆ ನಮ್ಮ ಕಣ್ಣಿಗೆ ಬೆಳಕು ಸಾಕೆನಿಸಿದರೂ ಗಿಡಕ್ಕೆ ಸಾಲದು.

ಜನವರಿ ಕೊನೆಗೆ 22 ಮೊಗ್ಗು! ಅಜ್ಜಿ ದಿನಾ ಎಣಿಸುತ್ತಿದ್ದರು. ಇಲ್ಲೇ ನಾನು ಬುದ್ಧಿವಂತಿಕೆ ತೋರಿಸಲು ಹೋದದ್ದು. ಕಾಫಿ ಮೊಗ್ಗು ಸ್ವಲ್ಪ ಬೆಳೆದು ನಿದ್ದೆ ಹೋಗುತ್ತದೆ. ಗಿಡ ಬಿಸಿಲಿಗೆ ಬಾಡಿದ ಮೇಲೆ ಒಂದಿಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಇದೂ ಅದೇ ಕುಟುಂಬ ತಾನೇ ಅಂತ ಹತ್ತು ದಿನ ನೀರು ನಿಲ್ಲಿಸಿದೆ. ಎಲೆ ಜೋತುಬಿದ್ದ ಮೇಲೆ ಒಂದು ಕೊಡ ನೀರು ಸುರಿದೆ. ಆರು ದಿನದಲ್ಲಿ 22 ಮೊಗ್ಗೂ ನೆಲದ ಮೇಲೆ.

ಅಜ್ಜಿ ಬೈಯಲಿಲ್ಲ. "ಮುಂದಿನ ವರ್ಷ ಬಿಡತ್ತೆ ಬಿಡು" ಅಂದರು. ಮುಂದಿನ ವರ್ಷ ಅಂದಾಗ ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು. ಅವರಿಗೆ ಆಗಲೇ 81.

ಕಾರಣ ಇಷ್ಟೇ. ಗಾರ್ಡೇನಿಯಾ ಮೊಗ್ಗಿಗೆ ಕಾಫಿಯಂತೆ ನಿದ್ದೆ ಹೋಗಿ ಮಳೆಗೆ ಕಾಯುವ ಅಭ್ಯಾಸವಿಲ್ಲ. ಅದು ನಿಧಾನವಾಗಿ, ವಾರಗಟ್ಟಲೆ, ನಿಲ್ಲದೆ ಬೆಳೆಯುತ್ತದೆ. ನಡುವೆ ಬೇರು ಒಣಗಿದರೆ ತೊಟ್ಟಿನ ಬುಡದ ಜೀವಕೋಶಗಳು ಸಡಿಲವಾಗಿ ಗಿಡ ಮೊಗ್ಗನ್ನು ಕಳಚಿಬಿಡುತ್ತದೆ. ಬೇರು ನೀರಲ್ಲಿ ನೆನೆದು ಉಸಿರುಗಟ್ಟಿದರೂ ಹಾಗೆಯೇ. ಗಾಳಿ ತೀರಾ ಒಣಗಿದರೂ, ಕುಂಡವನ್ನು ದಿನಕ್ಕೊಂದು ಕಡೆ ಇಟ್ಟು ಬೆಳಕು, ಚಳಿ ಬದಲಾದರೂ ಉದುರುತ್ತದೆ. ಆದ್ದರಿಂದ ಮೊಗ್ಗು ಕಂಡ ಮೇಲೆ ಕುಂಡ ಅಲುಗಿಸಬಾರದು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ, ಮೇಲಿನ ಮಣ್ಣು ಒಣಗುತ್ತಾ ಬಂದಾಗ ನೀರು ಹಾಕಬೇಕು. ಫೆಬ್ರವರಿ, ಮಾರ್ಚಿಯ ಒಣ ಹವೆಗೆ ಅಗಲ ತಟ್ಟೆಯಲ್ಲಿ ಜಲ್ಲಿಕಲ್ಲು ಹರಡಿ ನೀರು ಹಾಕಿ, ಅದರ ಮೇಲೆ ಕುಂಡ ಇಡಬೇಕು. ನೀರು ಕುಂಡದ ಅಡಿಗೆ ತಾಕಬಾರದು. ಆ ನೀರು ಆವಿಯಾಗಿ ಗಿಡದ ಸುತ್ತ ತೇವ ಇರುತ್ತದೆ.

ಹುಳದ ಕಾಟ ಒಂದೇ ಸಲ ಬಂತು. ಗೊದ್ದ ಕಾಂಡ ಹತ್ತುವುದು ಕಂಡು ಎಲೆಯ ಕಂಕುಳಲ್ಲಿ ನೋಡಿದರೆ ಬಿಳಿ ಹಿಟ್ಟು ತಿಗಣೆ. ಹಳೇ ಬಟ್ಟೆಯನ್ನು ಸೋಪಿನ ನೀರಲ್ಲಿ ಅದ್ದಿ ಒರೆಸಿದೆ, ವಾರ ಬಿಟ್ಟು ಮತ್ತೆ ಒರೆಸಿದೆ, ಹೋಯಿತು.

ಈ ವರ್ಷ ಮೊಗ್ಗು 17. ಆರು ಉದುರಿದವು. ಅದರಲ್ಲಿ ಎರಡು ನನ್ನ ತಮ್ಮನ ಕೈಚಳಕ. ಉಳಿದ 11 ಒಂದೊಂದಾಗಿ ಅರಳಿದವು. ಮೊದಲನೆಯದು ರಾತ್ರಿ ಅರಳಿತು. ಬೆಳಗ್ಗೆ ನಾನು ಹೋದಾಗ ಅಜ್ಜಿ ಎದ್ದು ಕೂತಿದ್ದರು. "ಎರಡು ಗಂಟೆಗೇ ಗೊತ್ತಾಯ್ತು, ನಿಮ್ಮನ್ನ ಯಾಕೆ ಎಬ್ಬಿಸೋದು ಅಂತ ಸುಮ್ಮನಿದ್ದೆ" ಅಂದರು. ಹೂ ಮೊದಲು ಹಾಲಿನಂತೆ ಬೆಳ್ಳಗೆ, ಎರಡು ಮೂರು ದಿನಕ್ಕೆ ಬೆಣ್ಣೆ ಬಣ್ಣ. ಎಸಳಿಗೆ ಬೆರಳು ತಾಕಿಸಬೇಡಿ, ತಾಕಿದ ಕಡೆ ಕಂದು ಕಲೆಯಾಗುತ್ತದೆ.

ನಮ್ಮದು ಸುತ್ತು ಎಸಳಿನ ಜಾತಿ, ಕಾಯಿ ಕಟ್ಟುವುದಿಲ್ಲ. ಆರೆಸಳಿನ ಜಾತಿಯಲ್ಲಿ ಕಿತ್ತಳೆ ಬಣ್ಣದ ಕಾಯಿ ಬರುತ್ತದೆ. ಜಪಾನಿನಲ್ಲಿ ಮೂಲಂಗಿ ಉಪ್ಪಿನಕಾಯಿಗೆ ಹಳದಿ ಬಣ್ಣ ಕೊಡಲು ಅದನ್ನು ಬಳಸುತ್ತಾರೆ. ಆ ಬಣ್ಣದ ವಸ್ತು ಕೇಸರಿಯಲ್ಲಿ ಇರುವುದೇ, ಹೆಸರು ಕ್ರೋಸಿನ್. ಈ ಗಿಡ ಕ್ರೋಸಿನ್ ಮಾಡುವುದನ್ನೂ ಕಾಫಿ ಗಿಡ ಕೆಫೀನ್ ಮಾಡುವುದನ್ನೂ ಹೇಗೆ ಬೇರೆ ಬೇರೆಯಾಗಿ ಕಲಿತವು ಅನ್ನುವುದನ್ನು ವಿಜ್ಞಾನಿಗಳು 2020ರಲ್ಲಿ ಎರಡರ ವಂಶವಾಹಿಗಳನ್ನು ಹೋಲಿಸಿ ತೋರಿಸಿದರು. ನೆಂಟರಾದರೂ ದಾರಿ ಬೇರೆ.

ಹೂ ಮುಗಿದ ಕೂಡಲೇ ಉದ್ದ ರೆಂಬೆಗಳನ್ನು ಕತ್ತರಿಸಬೇಕು. ತಡಮಾಡಿ ಚಳಿಗಾಲದಲ್ಲಿ ಕತ್ತರಿಸಿದರೆ ತುದಿಯ ಮೊಗ್ಗೇ ಹೋಗುತ್ತದೆ. ಕತ್ತರಿಸಿದ ಎಳೆ ಕಡ್ಡಿಗಳನ್ನು ಗೇಣುದ್ದ ಇಟ್ಟುಕೊಂಡು, ಕೆಳಗಿನ ಎಲೆ ತೆಗೆದು, ಮಳೆ ಶುರುವಾದಾಗ ಒದ್ದೆ ಮರಳಲ್ಲಿ ನೆಟ್ಟಿದ್ದೆ. ಒಂದೂವರೆ ತಿಂಗಳಿಗೆ 9 ಕಡ್ಡಿ ಬೇರು ಬಿಟ್ಟಿವೆ. ಒಂದು ನಮ್ಮ ಶಾಲೆಯ ಆಫೀಸಿನ ಕಿಟಕಿಗೆ, ಒಂದು ವಿಜ್ಞಾನ ಮೇಷ್ಟ್ರಿಗೆ. ಉಳಿದ ಏಳು ಯಾರಿಗೆ ಬೇಕೋ ಶನಿವಾರದೊಳಗೆ ನನಗೆ ಹೇಳಿ. ಮಣ್ಣಿನ ಕುಂಡ ನೀವೇ ತರಬೇಕು.

— 9ನೇ ತರಗತಿಯ ವಿದ್ಯಾರ್ಥಿನಿ